ಟಿವಿ ಜೊತೆ ಎಕ್ಸ್‌ಟ್ರಾ ವಾರಂಟಿ ತಗೊಳ್ಳೋದಾ, ಬೇಡ್ವಾ?

ಪ್ರಶ್ನೆ: ಹೊಸ ಮನೆಗೆ 65 ಇಂಚಿನ ಎಲ್‌ಇಡಿ ಟಿವಿ ನೋಡಿದ್ದೇವೆ. ಬೆಲೆ 92,000 ರೂಪಾಯಿ, ಕಂಪನಿ ವಾರಂಟಿ ಒಂದು ವರ್ಷ. ಅದರ ಮೇಲೆ ಮೂರು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿಗೆ 9,499 ರೂಪಾಯಿ ಕೇಳುತ್ತಿದ್ದಾರೆ. ‘ಪ್ಯಾನೆಲ್ (ಪರದೆ) ಹೋದರೆ 58,000 ಆಗುತ್ತೆ ಸರ್, ಇದನ್ನ ಇಎಂಐಗೆ ಸೇರಿಸಿದರೆ ತಿಂಗಳಿಗೆ ಬರೀ 400 ರೂಪಾಯಿ’ ಅಂತ ಅಂಗಡಿ ಹುಡುಗ ಬಿಡುತ್ತಲೇ ಇಲ್ಲ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಸಿಡಿಲು ಜಾಸ್ತಿ. ಮನೆಯವರು ತಗೊಳ್ಳೋಣ ಅಂತಾರೆ, ನನಗೆ ಮನಸ್ಸಿಲ್ಲ. ಪ್ಲಾನಿನ ಹಾಳೆಯ ಫೋಟೋ ಕಳಿಸಿದ್ದೇನೆ. ಏನು ಮಾಡಲಿ?
– ತೀರ್ಥಹಳ್ಳಿಯ ಓದುಗರು

ಉತ್ತರ: ನೀವು ಕಳಿಸಿದ ಹಾಳೆ ಪೂರ್ತಿ ಓದಿದೆ. ಈ ಪ್ಲಾನ್ ಬೇಡ. ಹಾಗಂತ ಮನೆಯವರ ಭಯ ಸುಳ್ಳು ಅಂತಲ್ಲ. ಆ ಭಯಕ್ಕೆ ಈ ಪ್ಲಾನ್ ಮದ್ದಲ್ಲ, ಅಷ್ಟೇ.

ಅಂಗಡಿ ಹುಡುಗನ ಲೆಕ್ಕದಿಂದಲೇ ಶುರು ಮಾಡೋಣ. 58,000ವನ್ನು 9,499ರಿಂದ ಭಾಗಿಸಿ. ಆರು ಚಿಲ್ಲರೆ ಬರುತ್ತದೆ. ಅಂದರೆ ಈ ಮಾಡೆಲ್‌ನ ಆರು ಟಿವಿಗಳಲ್ಲಿ ಒಂದರ ಪ್ಯಾನೆಲ್, ಎರಡರಿಂದ ನಾಲ್ಕನೇ ವರ್ಷದೊಳಗೆ ತಾನಾಗಿಯೇ ಕೆಟ್ಟರೆ ಕೊಟ್ಟ ದುಡ್ಡಿಗೂ ಸಿಕ್ಕಿದ್ದಕ್ಕೂ ಸಮ. ಅಷ್ಟೊಂದು ಕೆಡುವ ಟಿವಿಯಾದರೆ ವಾರಂಟಿ ಹಾಗಿರಲಿ, ಆ ಟಿವಿಯನ್ನೇ ತಗೋಬಾರದು, ಅಲ್ವಾ? ನೀವು ಕೊಡುವ ದುಡ್ಡಿನಲ್ಲಿ ಸುಮಾರು 1,450 ರೂಪಾಯಿ ಜಿಎಸ್‌ಟಿಗೇ ಹೋಗುತ್ತದೆ. ಅಂಗಡಿಯವರ ಕಮಿಷನ್, ಪ್ಲಾನ್ ಮಾರುವ ಕಂಪನಿಯ ಖರ್ಚು, ಲಾಭ ಎಲ್ಲ ಕಳೆದ ಮೇಲೆ ಉಳಿದದ್ದು ರಿಪೇರಿಗೆ. ಅಂಗಡಿ ಹುಡುಗನ ಮೇಲೆ ಸಿಟ್ಟಾಗಬೇಡಿ. ಟಿವಿ ಮಾರಿದರಷ್ಟೇ ಸಾಲದು, ಜೊತೆಗೆ ಇಷ್ಟು ಪ್ಲಾನ್ ಹೋಗಬೇಕು ಅಂತ ಅವನಿಗೂ ಟಾರ್ಗೆಟ್ ಇರುತ್ತದೆ.

ಇನ್ನೊಂದು ವಿಷಯ. ಎಲೆಕ್ಟ್ರಾನಿಕ್ ಸಾಮಾನು ಯಾವಾಗ ಬೇಕಾದರೂ ಒಂದೇ ಸಮನೆ ಕೆಡುವುದಿಲ್ಲ. ಫ್ಯಾಕ್ಟರಿಯಲ್ಲೇ ಉಳಿದ ದೋಷ, ಸರಿಯಾಗಿ ಕೂರದ ಬೆಸುಗೆ, ಇವೆಲ್ಲ ಸಾಮಾನ್ಯವಾಗಿ ಮೊದಲ ಕೆಲವು ತಿಂಗಳಲ್ಲೇ ಮುಖ ತೋರಿಸುತ್ತವೆ. ಅದು ಕಂಪನಿ ವಾರಂಟಿಯಲ್ಲಿ ಫ್ರೀ. ಆಮೇಲೆ ಕೆಲವು ವರ್ಷ ನೆಮ್ಮದಿ. ವಯಸ್ಸಾದ ಮೇಲೆ ಮತ್ತೆ ತಾಪತ್ರಯ. ಎಕ್ಸ್‌ಟೆಂಡೆಡ್ ವಾರಂಟಿ ಬಂದು ಕೂರುವುದು ಸರಿಯಾಗಿ ಆ ನಡುವಿನ ನೆಮ್ಮದಿಯ ವರ್ಷಗಳಲ್ಲಿ. ನಿಜವಾಗಿ ಬೇಕಾಗುವ ಹೊತ್ತಿಗೆ ಅದರ ಅವಧಿ ಮುಗಿದಿರುತ್ತದೆ.

ಪ್ಯಾನೆಲ್ ಅಂದ ತಕ್ಷಣ ಎಲ್ಲರಿಗೂ ಎದೆ ಧಸಕ್ ಅನ್ನುತ್ತದೆ. ಆದರೆ ರಿಪೇರಿಗೆ ಬರುವ ಎಲ್‌ಇಡಿ ಟಿವಿಗಳಲ್ಲಿ ನಾನು ಹೆಚ್ಚು ಕಂಡದ್ದು ಬ್ಯಾಕ್‌ಲೈಟ್ ಹೋದದ್ದು, ಇಲ್ಲವೇ ಪವರ್ ಬೋರ್ಡ್ ಹೋದದ್ದು. ಮುಂದೆ ಯಾವಾಗಲಾದರೂ ಧ್ವನಿ ಬರುತ್ತಿದ್ದು ಪರದೆ ಕಪ್ಪಗಿದ್ದರೆ ಹೀಗೆ ಮಾಡಿ. ರೂಮಿನ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಪರದೆಗೆ ತೀರಾ ಹತ್ತಿರ ಹಿಡಿದು ಓರೆಯಾಗಿ ನೋಡಿ. ಮಸುಕಾಗಿ ಚಿತ್ರ ಓಡಾಡುವುದು ಕಂಡರೆ ಪ್ಯಾನೆಲ್ ಚೆನ್ನಾಗಿದೆ, ಹಿಂದಿನ ಬೆಳಕು ಮಾತ್ರ ಹೋಗಿದೆ. ಕೈಪಳಗಿದ ಮೆಕ್ಯಾನಿಕ್ ಪ್ಯಾನೆಲ್ ಬಿಚ್ಚಿ, ಎಲ್‌ಇಡಿ ಪಟ್ಟಿ ಬದಲಾಯಿಸಿ ಕೊಡುತ್ತಾನೆ. ಪ್ಯಾನೆಲ್ ಬೆಲೆಯ ಹತ್ತಿರಕ್ಕೂ ಆ ಖರ್ಚು ಬರುವುದಿಲ್ಲ.

ಪ್ಯಾನೆಲ್ ಹೋಗುವುದೇ ಇಲ್ವಾ ಅಂದರೆ, ಹೋಗುತ್ತದೆ. ಆದರೆ ಬಹಳ ಸಲ ಅದು ನಮ್ಮ ಕೈಯಿಂದಲೇ. ಮಗು ಎಸೆದ ಆಟಿಕೆ, ಮನೆ ಬದಲಿಸುವಾಗ ಟಿವಿಯನ್ನು ಮಲಗಿಸಿ ಸಾಗಿಸಿದ್ದು. ಇನ್ನೊಂದು, ಹಬ್ಬದ ಮುಂಚೆ ಕ್ಲೀನಿಂಗ್ ಅಂತ ಪರದೆಗೆ ನೇರವಾಗಿ ಸ್ಪ್ರೇ ಹೊಡೆಯುವುದು. ಆ ನೀರು ಇಳಿದು ಪರದೆಯ ಕೆಳಗಿನ ಅಂಚಿಗೆ ಸೇರುತ್ತದೆ. ಅನೇಕ ಟಿವಿಗಳಲ್ಲಿ ಚಿತ್ರದ ಸಿಗ್ನಲ್ ತರುವ ತೆಳು ರಿಬ್ಬನ್‌ಗಳು ಅಂಟಿರುವುದು ಅಲ್ಲೇ. ನಿಧಾನಕ್ಕೆ ತುಕ್ಕು ಹಿಡಿದು ಉದ್ದುದ್ದ ಗೆರೆಗಳು ಬರುತ್ತವೆ. ಒಡೆದದ್ದು, ನೀರು ಹೋದದ್ದು ಎರಡೂ ನಿಮ್ಮ ಹಾಳೆಯ ‘ಕವರ್ ಆಗದವು’ ಪಟ್ಟಿಯಲ್ಲಿವೆ.

ಈಗ ಸಿಡಿಲಿನ ಮಾತು. ಅದೇ ಪಟ್ಟಿಯ ನಾಲ್ಕನೇ ಸಾಲು ನೋಡಿ: ಸಿಡಿಲು, ವೋಲ್ಟೇಜ್ ಏರುಪೇರು, ಇಲಿ, ಹಲ್ಲಿ, ಇರುವೆ. ಇದು ಈ ಒಂದು ಪ್ಲಾನಿನ ಕಥೆ ಅಲ್ಲ, ಹೆಚ್ಚಿನವು ಹೀಗೇ ಇರುತ್ತವೆ. ಮನೆಯವರು ಯಾವುದಕ್ಕೆ ಹೆದರಿ ತಗೊಳ್ಳೋಣ ಅನ್ನುತ್ತಿದ್ದಾರೋ ಅದೇ ಇದರಲ್ಲಿ ಇಲ್ಲ. ಲೆಕ್ಕಕ್ಕುಂಟು, ಆಟಕ್ಕಿಲ್ಲ. ಇನ್ನೂ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದಿದೆ: ರಿಪೇರಿ ಆಗದಿದ್ದರೆ ನಾಲ್ಕನೇ ವರ್ಷದಲ್ಲಿ ಬಿಲ್ಲಿನ ಅರ್ಧದಷ್ಟಕ್ಕೆ ವೋಚರ್. ದುಡ್ಡಲ್ಲ, ವೋಚರ್. 46,000 ರೂಪಾಯಿಗೆ, ಅದೂ ಅದೇ ಅಂಗಡಿಯಲ್ಲಿ.

ಹಾಗಾದರೆ ಆ 9,499 ರೂಪಾಯಿಯಲ್ಲಿ ಏನು ಮಾಡಬಹುದು? ಹೊಸ ಮನೆ ಅಂದಿರಿ. ಮೊದಲು ಅರ್ತಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್‌ನಿಂದ ಮೀಟರ್ ಹಿಡಿಸಿ ನೋಡಿಸಿ. ಗೋಡೆಯಲ್ಲಿ ಮೂರು ಪಿನ್‌ನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ತ್ ಇದೆ ಅಂತ ಅಲ್ಲ. ಮೇನ್ ಬೋರ್ಡಿನಲ್ಲಿ ಒಂದು ಸರ್ಜ್ ಪ್ರೊಟೆಕ್ಷನ್ ಡಿವೈಸ್ (ಲೈನಿನಲ್ಲಿ ಒಮ್ಮೆಲೇ ನುಗ್ಗುವ ವೋಲ್ಟೇಜ್ ತಡೆಯುವ ಸಾಧನ), ವೋಲ್ಟೇಜ್ ಏರಿದರೆ ಲೈನ್ ಕಡಿಯುವ ಒಂದು ಕಟ್-ಆಫ್ ಹಾಕಿಸಿ. ಲೈನಿನಲ್ಲಿ ನ್ಯೂಟ್ರಲ್ ಕಟ್ಟಾದರೆ 230 ವೋಲ್ಟ್ ಇರಬೇಕಾದ ಪಾಯಿಂಟಿಗೆ 400ರ ಹತ್ತಿರ ಬರಬಹುದು. ಒಂದೇ ಏಟಿಗೆ ಟಿವಿ, ಫ್ರಿಜ್, ಮಿಕ್ಸಿ, ಚಾರ್ಜರ್ ಎಲ್ಲ ಹೋಗುವುದು ಹೀಗೆ. ಸ್ವಿಚ್ ಇರುವ ಸಾದಾ ಎಕ್ಸ್‌ಟೆನ್ಷನ್ ಬಾಕ್ಸನ್ನೇ ‘ಸ್ಪೈಕ್ ಗಾರ್ಡ್’ ಅಂತ ಮಾರುತ್ತಾರೆ, ಅದು ಸಾಲದು.

ಸಿಡಿಲು ತೀರಾ ಹತ್ತಿರ ಬಿದ್ದರೆ ಈ ಯಾವುದೂ ಪೂರ್ತಿ ತಡೆಯುವುದಿಲ್ಲ. ಗುಡುಗು ದೂರದಲ್ಲಿರುವಾಗಲೇ ಪ್ಲಗ್ ಕೀಳಿ. ಪ್ಲಗ್ ಜೊತೆ ಡಿಶ್ ಕೇಬಲ್ ಮತ್ತು ಬ್ರಾಡ್‌ಬ್ಯಾಂಡ್ ವೈರನ್ನೂ ಕೀಳಿ. ಮಲೆನಾಡಿನಲ್ಲಿ ಪ್ಲಗ್ ಕಿತ್ತಿದ್ದರೂ ಸುಟ್ಟ ಎಷ್ಟೋ ಟಿವಿಗಳಿಗೆ ಏಟು ಬಂದದ್ದು ಛಾವಣಿಯ ಡಿಶ್ಶಿನಿಂದ, ಸೆಟ್‌ಟಾಪ್ ಬಾಕ್ಸ್ ದಾಟಿ, ಎಚ್‌ಡಿಎಂಐ ವೈರಿನ ಮೂಲಕ. ಮನೆ ವಿಮೆ ಇದೆ ಅಂತ ಧೈರ್ಯ ಬೇಡ. ಮಾಮೂಲಿ ಪಾಲಿಸಿಗಳಲ್ಲಿ ಅತಿ ವೋಲ್ಟೇಜ್, ಷಾರ್ಟ್ ಸರ್ಕ್ಯೂಟಿನಿಂದ ಆ ಉಪಕರಣವೇ ಸುಟ್ಟರೆ ಅದಕ್ಕೆ ಪರಿಹಾರ ಇರುವುದಿಲ್ಲ. ಬೇರೆ ಆಡ್-ಆನ್ ಬೇಕಾ ಅಂತ ವಿಮಾ ಕಂಪನಿಯನ್ನೇ ಕೇಳಿ.

ಇಷ್ಟಾದರೂ ಮನೆಯವರಿಗೆ ಸಮಾಧಾನ ಆಗದಿದ್ದರೆ, ಕೌಂಟರಿನಲ್ಲೇ ತೀರ್ಮಾನ ಮಾಡಬೇಡಿ. ‘ಈಗ ಬಿಟ್ಟರೆ ಆಮೇಲೆ ಸಿಗಲ್ಲ’ ಅನ್ನುವುದು ಅಂಗಡಿಯ ಪ್ಲಾನಿಗೆ ನಿಜ ಇರಬಹುದು. ಟಿವಿ ಕಂಪನಿಗಳು ಮಾತ್ರ ತಮ್ಮ ಸ್ವಂತ ಎಕ್ಸ್‌ಟೆಂಡೆಡ್ ವಾರಂಟಿಯನ್ನು ಸಾಮಾನ್ಯವಾಗಿ ಮೊದಲ ವಾರಂಟಿ ಮುಗಿಯುವ ತನಕ ಕೊಡುತ್ತವೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೊನೆಯ ದಿನ ಯಾವುದು ಅಂತ ಕೇಳಿಕೊಳ್ಳಿ. ಹತ್ತು ತಿಂಗಳು ಟಿವಿ ಹೇಗೆ ನಡೆಯುತ್ತದೆ ನೋಡಿ, ಆಮೇಲೆ ಯೋಚಿಸಿ. ನನ್ನ ಅಂದಾಜು ಇಷ್ಟು: ಕಂಪನಿಯದೇ ಪ್ಲಾನ್ ಆಗಿದ್ದು, ಪ್ಯಾನೆಲ್ ಸೇರಿದ್ದು, ವರ್ಷಕ್ಕೆ ಬೆಲೆಯ ನೂರಕ್ಕೆ ಎರಡು ರೂಪಾಯಿ ಮೀರದಿದ್ದರೆ ತಗೊಂಡರೂ ನಷ್ಟವಿಲ್ಲ. ನಿಮ್ಮ ಟಿವಿಗೆ ಅದು ವರ್ಷಕ್ಕೆ 1,840 ಆಗುತ್ತದೆ. ಅಂಗಡಿ ಕೇಳುತ್ತಿರುವುದು 3,166.

ಪ್ರಶ್ನೆ: ನಮ್ಮ ಇನ್ವರ್ಟರ್ ಎಸಿ ಮೇಲೆ ‘10 ವರ್ಷ ವಾರಂಟಿ’ ಅಂತ ದೊಡ್ಡ ಸ್ಟಿಕ್ಕರ್ ಇದೆ. ಆದರೂ ಕಂಪನಿಯವರು ಫೋನ್ ಮಾಡಿ ಎಕ್ಸ್‌ಟೆಂಡೆಡ್ ವಾರಂಟಿ ತಗೊಳ್ಳಿ ಅಂತಾರೆ. ಸಮುದ್ರದಿಂದ ಒಂದು ಕಿಲೋಮೀಟರ್ ದೂರದಲ್ಲಿದ್ದೇವೆ.
– ಸುರತ್ಕಲ್‌ನ ಓದುಗರು

ಉತ್ತರ: ಸ್ಟಿಕ್ಕರಿನ ಹತ್ತು ವರ್ಷ ಕಂಪ್ರೆಸರ್‌ಗೆ ಮಾತ್ರ. ಮಿಕ್ಕ ಎಸಿಗೆ ಬಹುತೇಕ ಒಂದೇ ವರ್ಷ, ಕೆಲವು ಕಂಪನಿಗಳು ಪಿಸಿಬಿಗೆ, ಅಂದರೆ ಒಳಗಿನ ಎಲೆಕ್ಟ್ರಾನಿಕ್ ಬೋರ್ಡಿಗೆ, ಐದು ವರ್ಷ ಕೊಡುತ್ತವೆ. ಫ್ರಿಜ್, ವಾಷಿಂಗ್ ಮೆಷಿನ್ ಮೇಲಿನ ದೊಡ್ಡ ಅಂಕಿಯೂ ಹೀಗೇ, ಕಂಪ್ರೆಸರ್ ಅಥವಾ ಮೋಟರ್‌ಗೆ. ಕಷ್ಟ ಏನೆಂದರೆ ಕಂಪ್ರೆಸರ್ ಸುಲಭಕ್ಕೆ ಕೆಡುವ ಭಾಗವೇ ಅಲ್ಲ. ಕರಾವಳಿಯಲ್ಲಿ ಮೊದಲು ಹೋಗುವುದು ಹೊರಗಿನ ಯೂನಿಟ್ಟಿನ ಕಾಯಿಲ್. ಉಪ್ಪುಗಾಳಿಗೆ ಸಣ್ಣ ತೂತಾಗಿ ಗ್ಯಾಸ್ ಸೋರುತ್ತದೆ. ಎರಡನೆಯದು ಪಿಸಿಬಿ.

ನಿಮ್ಮ ವಿಷಯದಲ್ಲಿ ನಾನು ತಗೊಳ್ಳಿ ಅನ್ನುತ್ತೇನೆ. ಆದರೆ ಮೂರು ಪ್ರಶ್ನೆಗೆ ಇಮೇಲ್‌ನಲ್ಲಿ ‘ಹೌದು’ ಅಂತ ಬಂದರೆ ಮಾತ್ರ. ಕಾಯಿಲ್ ತುಕ್ಕು ಹಿಡಿದು ಸೋರಿದರೆ ಕವರ್ ಇದೆಯಾ? ಗ್ಯಾಸ್ ತುಂಬುವ ಖರ್ಚು ಸೇರಿದೆಯಾ? ಪಿಸಿಬಿ ಸೇರಿದೆಯಾ? ಮೊದಲ ಪ್ರಶ್ನೆಗೆ ಹೆಚ್ಚಾಗಿ ‘ಇಲ್ಲ’ ಬರುತ್ತದೆ. ಆಗ ಆಸೆ ಬಿಟ್ಟುಬಿಡಿ. ಆ ದುಡ್ಡಿಗೆ ವರ್ಷಕ್ಕೆ ಎರಡು ಸಲ ಹೊರಗಿನ ಯೂನಿಟ್ಟಿಗೆ ಸಿಹಿನೀರಿನ ಸರ್ವಿಸ್ ಮಾಡಿಸಿ.

ಇನ್ನೊಂದು ಮಾತು, ಹಲ್ಲಿ. ನಗುವ ವಿಷಯ ಅಲ್ಲ. ಹೊರಗಿನ ಯೂನಿಟ್ಟಿನ ಬಿಸಿಗೆ ಹಲ್ಲಿ ಹೋಗಿ ಪಿಸಿಬಿ ಮೇಲೆ ಕೂರುತ್ತದೆ, ಎರಡು ಟರ್ಮಿನಲ್‌ಗೆ ಮೈ ತಾಗಿ ಅಲ್ಲೇ ಸತ್ತು ಒಣಗಿರುತ್ತದೆ. ಟೆಕ್ನಿಷಿಯನ್ ಮುಚ್ಚಳ ಬಿಚ್ಚಿದವನೇ ಮೊದಲು ತೆಗೆಯುವುದು ಅದರ ಫೋಟೋ. ಆ ಒಂದು ಫೋಟೋಗೆ ನಿಮ್ಮ ಕ್ಲೇಮ್ ಮುಗಿಯಿತು. ವೈರ್ ಒಳಗೆ ಹೋಗುವ ಸಂದುಗಳನ್ನು ಇನ್‌ಸ್ಟಾಲ್ ಮಾಡುವಾಗಲೇ ಮುಚ್ಚಿಸಿ. ಗಾಳಿ ಓಡಾಡುವ ಜಾಲರಿ ಮಾತ್ರ ಮುಚ್ಚಬೇಡಿ.

ಪ್ರಶ್ನೆ: ಹಾಸ್ಟೆಲ್‌ಗೆ ಹೋಗುವ ಮಗಳಿಗೆ ಆನ್‌ಲೈನ್‌ನಲ್ಲಿ ಲ್ಯಾಪ್‌ಟಾಪ್ ಕೊಂಡೆ. ಪೇಮೆಂಟ್ ಆದ ಮೇಲೆ ನೋಡಿದರೆ 1,999 ರೂಪಾಯಿಯ ಪ್ರೊಟೆಕ್ಷನ್ ಪ್ಲಾನೂ ಸೇರಿದೆ. ನಾನು ಕೇಳಿರಲಿಲ್ಲ.
– ಹಾಸನದ ಓದುಗರು

ಉತ್ತರ: ಕೇಳದೆ ಬುಟ್ಟಿಗೆ ಹಾಕುವುದು ತಪ್ಪು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ‘ಡಾರ್ಕ್ ಪ್ಯಾಟರ್ನ್’ (ಆನ್‌ಲೈನ್‌ನಲ್ಲಿ ಗ್ರಾಹಕರನ್ನು ಯಾಮಾರಿಸುವ ತಂತ್ರ) ಮಾರ್ಗಸೂಚಿಯಲ್ಲಿ ಇದಕ್ಕೆ ‘ಬಾಸ್ಕೆಟ್ ಸ್ನೀಕಿಂಗ್’ ಅಂತಲೇ ಹೆಸರಿದೆ. ರದ್ದು ಮಾಡಿ ದುಡ್ಡು ವಾಪಸ್ ಕೇಳಿ.

ಆದರೆ ಕೇಳುವ ಮುಂಚೆ ಆ ಪ್ಲಾನ್ ಏನು ಅಂತ ಒಮ್ಮೆ ಓದಿ. ಬರೀ ವಾರಂಟಿ ಮುಂದುವರಿಕೆಯಾದರೆ ಬೇಡ. ಬಿದ್ದು ಒಡೆದರೆ, ಕಾಫಿ ಚೆಲ್ಲಿದರೆ ಕವರ್ ಆಗುವ ‘ಆಕ್ಸಿಡೆಂಟಲ್ ಡ್ಯಾಮೇಜ್’ ಪ್ಲಾನ್ ಆದರೆ, ಹಾಸ್ಟೆಲ್ ಮಂಚದ ಮೇಲೆ ಬಾಳುವ ಲ್ಯಾಪ್‌ಟಾಪಿಗೆ ಇಟ್ಟುಕೊಳ್ಳುವುದೇ ವಾಸಿ. ದುಬಾರಿ ಫೋನಿಗೂ ಇದೇ ಮಾತು. ಒಂದೊಂದು ಕ್ಲೇಮ್‌ಗೆ ನಿಮ್ಮ ಕೈಯಿಂದ ಎಷ್ಟು ಕಟ್ಟಬೇಕು, ವರ್ಷಕ್ಕೆ ಎಷ್ಟು ಸಲ ಅನ್ನುವುದು ನೋಡಿಕೊಳ್ಳಿ.

ಪ್ರಶ್ನೆ: ಫ್ರಿಜ್‌ಗೆ ಅಂಗಡಿಯಲ್ಲಿ ಎರಡು ವರ್ಷದ ಪ್ಲಾನ್ ಕೊಂಡಿದ್ದೆ. ಕೂಲಿಂಗ್ ನಿಂತಿತು. ಬಂದ ಟೆಕ್ನಿಷಿಯನ್ ‘ವೋಲ್ಟೇಜ್ ಪ್ರಾಬ್ಲಂ, ಕವರ್ ಆಗಲ್ಲ’ ಅಂದು ಹೋದ. ಷರತ್ತಿನ ಹಾಳೆ ನನಗೆ ಕೊಟ್ಟೇ ಇಲ್ಲ.
– ಗದಗದ ಓದುಗರು

ಉತ್ತರ: ಬಾಯಿಮಾತಿನ ‘ಆಗಲ್ಲ’ಕ್ಕೆ ಬೆಲೆ ಇಲ್ಲ. ಟೆಕ್ನಿಷಿಯನ್ ಏನು ನೋಡಿದ, ಏನು ಮಾಡಿದ ಅಂತ ಬರೆದ ಜಾಬ್ ಶೀಟ್ ಕೇಳಿ. ಕೊಡದಿದ್ದರೆ ಇವತ್ತೇ ಒಂದು ಇಮೇಲ್ ಹಾಕಿ: ಯಾವ ಭಾಗ ಸುಟ್ಟಿದೆ, ವೋಲ್ಟೇಜ್ ಕಾರಣ ಅಂತ ಯಾವ ಪರೀಕ್ಷೆಯಿಂದ ಹೇಳಿದಿರಿ, ಯಾವ ಷರತ್ತಿನ ಪ್ರಕಾರ ನಿರಾಕರಿಸಿದಿರಿ? ಆ ದಿನ ಮನೆಯ ಬೇರೆ ಯಾವ ಸಾಮಾನೂ ಕೆಟ್ಟಿರದಿದ್ದರೆ, ಸ್ಟೆಬಿಲೈಜರ್ ಇದ್ದರೆ, ಅದನ್ನೂ ಬರೆಯಿರಿ. ಷರತ್ತಿನ ಹಾಳೆ ಕೊಟ್ಟಿಲ್ಲ ಅನ್ನುವುದನ್ನು ಖಂಡಿತ ಬರೆಯಿರಿ. ಕೊಳ್ಳುವಾಗ ತಿಳಿಸದ ಷರತ್ತನ್ನು ಕ್ಲೇಮ್ ಬಂದಾಗ ಹೊರಗೆ ತೆಗೆಯುವಂತಿಲ್ಲ ಅಂತ ವಿಮೆಯ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಿಮ್ಮ ವಾದಕ್ಕೂ ಅದು ಬಲ.

ಆಮೇಲೆ 1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ಆದೇಶ ಕೊಡಲಾರರು, ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಅಷ್ಟಕ್ಕೇ ದಾರಿಗೆ ಬರುವವರು ಇದ್ದಾರೆ. ಬಾರದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಮುಂಬೈಯಲ್ಲಿದ್ದರೂ ಸರಿ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ಅಂಗಡಿ ಮತ್ತು ಪ್ಲಾನ್ ಕಂಪನಿ, ಇಬ್ಬರನ್ನೂ ಎದುರುದಾರರಾಗಿ ಸೇರಿಸಿ. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿಕೊಂಡು ಕೂರುತ್ತಾರೆ.

ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಕಾಯಲು ಆಗಲ್ಲ, ಗೊತ್ತು. ‘ಇಷ್ಟು ದಿನದೊಳಗೆ ನೀವು ಸರಿ ಮಾಡದಿದ್ದರೆ ಹೊರಗೆ ಮಾಡಿಸಿ ಖರ್ಚು ಕೇಳುತ್ತೇನೆ’ ಅಂತ ಇಮೇಲ್ ಹಾಕಿ, ಆ ಗಡುವು ಮುಗಿದ ಮೇಲೆ ರಿಪೇರಿ ಮಾಡಿಸಿ. ಬಿಲ್ಲಿನಲ್ಲಿ ಫ್ರಿಜ್‌ನ ಸೀರಿಯಲ್ ನಂಬರ್ ಮತ್ತು ಏನು ಕೆಟ್ಟಿತ್ತು ಅನ್ನುವುದು ಇರಲಿ. ಮೆಕ್ಯಾನಿಕ್ ತೆಗೆದ ಹಳೆಯ ಬೋರ್ಡನ್ನು ಗುಜರಿಗೆ ಹಾಕಬೇಡಿ. ಆಯೋಗದಲ್ಲಿ ಅದೇ ನಿಮ್ಮ ಸಾಕ್ಷಿ.