ಪ್ರತಿಕ್ರಿಯೆ: ‘ಕೊರತೆಪಡೆನು’ ಅಂದರೆ ಕಷ್ಟವೇ ಇಲ್ಲ ಅಂತಲಾ?

ಕೆಲಸ ಹೋಗಿ ಮನೆಯಲ್ಲಿ ಕೂತಿರುವಾಗ ಬೈಬಲಿನ 23ನೇ ಕೀರ್ತನೆಯ ‘ಯೆಹೋವನು ನನಗೆ ಕುರುಬನು, ಕೊರತೆಪಡೆನು’ ಅನ್ನುವ ಸಾಲು ಸುಳ್ಳು ಅನಿಸುತ್ತದೆ ಎಂದು ಬರೆದಿದ್ದೀರಿ. ಅನಿಸುವುದು ಸಹಜ. ಆದರೆ ಮುಂದಿನ ಸಾಲಿನಲ್ಲಿ ಆ ಕುರುಬ ನನ್ನನ್ನು ತಂಗಿಸುತ್ತಾನೆ ಅನ್ನುವ ಹಸಿರು ಗಾವಲನ್ನು ನಾವು ಸುಮ್ನೆ ದೊಡ್ಡ ಹುಲ್ಲುಗಾವಲು ಅಂದುಕೊಂಡುಬಿಟ್ಟಿದ್ದೇವೆ. ಈ ಕೀರ್ತನೆ ಬರೆದವನು ಎನ್ನಲಾಗುವ ದಾವೀದನ ಊರು ಬೇತ್ಲೆಹೇಮ್. ಅದರ ಪೂರ್ವಕ್ಕೆ ಇಳಿದರೆ ಯೂದಾಯದ ಒಣ ಗುಡ್ಡಗಳು, ಆಚೆ ಮೃತ ಸಮುದ್ರ. ಚಳಿಗಾಲದ ಮಳೆ ಬಿದ್ದ ಮೇಲೆ ಅಲ್ಲಲ್ಲಿ ತೆಳ್ಳಗೆ ಹುಲ್ಲು ಚಿಗುರುತ್ತದೆ, ಬಿಸಿಲೇರಿದರೆ ಮುಗಿಯಿತು. ಇವತ್ತಿನ ಮೇವು ಎಲ್ಲಿದೆ ಅಂತ ಕುರುಬನಿಗೆ ಗೊತ್ತು, ಕುರಿಗೆ ಗೊತ್ತಿಲ್ಲ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ‘ಕೊರತೆಪಡೆನು’ ಅನ್ನುವಲ್ಲಿರುವ ಹೀಬ್ರೂ ಕ್ರಿಯಾಪದವೇ ಬೈಬಲಿನ ಧರ್ಮೋಪದೇಶಕಾಂಡ ಪುಸ್ತಕದ 2:7ರಲ್ಲೂ ಇದೆ. 40 ವರ್ಷ ಅಡವಿಯಲ್ಲಿ ಅಲೆದ ಇಸ್ರಾಯೇಲ್ಯರಿಗೆ ಅವರ ನಾಯಕ ಮೋಶೆ ‘ನಿಮಗೇನೂ ಕಡಿಮೆಯಾಗಲಿಲ್ಲ’ ಅನ್ನುತ್ತಾನೆ. ಅವರಿಗೆ ಸಿಕ್ಕಿದ್ದಾದರೂ ಏನು? ದಿನದ ಮನ್ನ, ಅಂದರೆ ದೇವರು ಅಡವಿಯಲ್ಲಿ ಕೊಟ್ಟ ಆಹಾರ. ನಾಳೆಗೆಂದು ಎತ್ತಿಟ್ಟರೆ ಹುಳ ಬೀಳುತ್ತಿತ್ತು. (ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿಗೆಂದು ಎತ್ತಿಟ್ಟ ಪಾಲು ಮಾತ್ರ ಕೆಡುತ್ತಿರಲಿಲ್ಲ.)

ಕತ್ತಲ ಕಣಿವೆ ಅದೇ ಕೀರ್ತನೆಯಲ್ಲೇ ಬರುತ್ತದೆ, ಅಲ್ವಾ? ಅಲ್ಲಿಯವರೆಗೆ ದೇವರನ್ನು ‘ಆತನು’ ಎನ್ನುತ್ತಿದ್ದ ದಾವೀದ ಕಣಿವೆಗೆ ಬಂದಾಗ ‘ನೀನು’ ಎಂದು ನೇರವಾಗಿ ಮಾತಾಡುತ್ತಾನೆ.

ಬಿಡುವಾದಾಗ ಮಾರ್ಕನ ಸುವಾರ್ತೆಯ 6ನೇ ಅಧ್ಯಾಯ ಓದಿ. ಕುರುಬನಿಲ್ಲದ ಕುರಿಗಳಂತಿದ್ದ ಜನರನ್ನು ಯೇಸು ಹಸಿರು ಹುಲ್ಲಿನ ಮೇಲೆ ಕೂರಿಸಿ ಊಟ ಕೊಡುತ್ತಾನೆ. ಮೊದಲು ಬೋಧನೆ, ಆಮೇಲೆ ರೊಟ್ಟಿ, ಮೀನು. ಅಷ್ಟು ಜನ ಉಂಡ ಮೇಲೂ 12 ಪುಟ್ಟಿ ಉಳಿಯಿತಂತೆ.