ಸಂಸತ್ತನ್ನು ಕೇಳುವವರು ಯಾರು?

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ‘ನಾಡಿನ ಸಂಕಟಕ್ಕೆ ಸೇನೆ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸು ಬಾರದೆ ಇಷ್ಟುದ್ದ ಬರೆಯುತ್ತಿದ್ದೇನೆ.

ಮೂರನೆಯ ಪುಟದಲ್ಲಿ ನಿಮ್ಮ ಅಜ್ಜಿ ಬರುತ್ತಾರೆ. 2018ರ ಆಗಸ್ಟ್, ಕೊಡಗು. ಗುಡ್ಡ ಕುಸಿದ ಮರುದಿನ ಯೋಧನೊಬ್ಬ ಅವರ ಸೊಂಟಕ್ಕೆ ಹಗ್ಗ ಬಿಗಿದು ಕೆಸರು ದಾಟಿಸುತ್ತಾನೆ. ಅವನಿಗೆ ಕನ್ನಡ ಬಾರದು, ಅಜ್ಜಿಗೆ ಹಿಂದಿ ಬಾರದು. ಆದರೂ ‘ಊಟ ಆಯಿತಾ ಮಗನೇ’ ಎಂದು ಕೇಳುತ್ತಾರೆ. ಲೇಖನಕ್ಕೆ ಜೀವವಿರುವುದು ಈ ಎಂಟು ಸಾಲುಗಳಲ್ಲಿ. ಅದಕ್ಕೂ ಮುಂಚಿನ ಎರಡು ಪುಟಗಳ ‘ಪ್ರಜಾಪ್ರಭುತ್ವದ ದೇಗುಲ’, ‘ಗಡಿಯ ಹುಲಿಗಳು’ ಎಲ್ಲವನ್ನೂ ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿ.

ನನ್ನ ದೊಡ್ಡ ತಕರಾರು ನಾಲ್ಕನೆಯ ಪುಟದ ಈ ವಾಕ್ಯದ ಮೇಲೆ: ‘ಸಂಸತ್ತಿನ ಒಪ್ಪಿಗೆಯಿಲ್ಲದೆ ನಮ್ಮಲ್ಲಿ ಸೇನೆ ಜನರ ನಡುವೆ ಇಳಿಯುವುದಿಲ್ಲ.’ ಇದು ತಪ್ಪು. ಸಂವಿಧಾನದ 352ನೆಯ ವಿಧಿಯ ತುರ್ತು ಪರಿಸ್ಥಿತಿಯೊಂದಿಗೆ ನೀವು ಇದನ್ನು ಬೆರೆಸಿದ್ದೀರಿ. ಆ ಘೋಷಣೆಗೆ ಒಂದು ತಿಂಗಳೊಳಗೆ ಎರಡೂ ಸದನಗಳ ಒಪ್ಪಿಗೆ ಬೇಕು. ಸೇನೆಯನ್ನು ಕರೆಸಲು ಅಂಥ ಕಟ್ಟಳೆಯಿಲ್ಲ. ಕಾನೂನುಬಾಹಿರ ಗುಂಪನ್ನು ಬೇರೆ ದಾರಿಯಲ್ಲಿ ಚದುರಿಸಲಾಗದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 149ನೆಯ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರೇ ಸೇನೆಯ ನೆರವು ಪಡೆಯಬಹುದು. ಅದನ್ನು ಒಪ್ಪುತ್ತೇನೆ, ಊರು ಹೊತ್ತಿ ಉರಿಯುವಾಗ ದೆಹಲಿಯಲ್ಲಿ ಅಧಿವೇಶನ ಸೇರುವವರೆಗೆ ಕಾಯಲಾಗದು.

ಆದರೆ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ, ಅಂದರೆ ಅಫ್‌ಸ್ಪಾ, ಒಂದೆರಡು ದಿನದ ಮಾತಲ್ಲ; ಅದು ಜಾರಿಯಿರುವ ಕಡೆ ಗುಂಡು ಹಾರಿಸುವ, ವಾರಂಟ್ ಇಲ್ಲದೆ ಬಂಧಿಸುವ ವಿಶೇಷ ಅಧಿಕಾರ ಸೇನೆಗಿರುತ್ತದೆ. 1958ರ ಆ ಕಾಯ್ದೆಯಡಿ ‘ಪ್ರಕ್ಷುಬ್ಧ ಪ್ರದೇಶ’ ಎಂದು ಘೋಷಿಸಲು ರಾಜ್ಯಪಾಲರ ಅಥವಾ ಕೇಂದ್ರ ಸರ್ಕಾರದ ಅಧಿಸೂಚನೆ ಸಾಕು. ಆರು ತಿಂಗಳು ತುಂಬುವುದರೊಳಗೆ ಘೋಷಣೆಯನ್ನು ಪರಾಮರ್ಶಿಸಬೇಕೆಂದು 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪರಾಮರ್ಶಿಸುವವರು ಮಾತ್ರ ಸರ್ಕಾರದವರೇ. ಘೋಷಣೆ ಸದನದಲ್ಲಿ ಮತಕ್ಕೆ ಬರಬೇಕೆಂದು ಕಾಯ್ದೆ ಎಲ್ಲಿಯೂ ಹೇಳುವುದಿಲ್ಲ.

ಓಟಿಂಗ್ ಹಳ್ಳಿಯ ಪ್ರಕರಣವನ್ನು ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ನಿಲ್ಲಬೇಕಾದದ್ದು ಅಲ್ಲೇ. 2021ರ ಡಿಸೆಂಬರ್ 4ರ ಸಂಜೆ, ನಾಗಾಲ್ಯಾಂಡಿನ ಮೋನ್ ಜಿಲ್ಲೆ. ಕಲ್ಲಿದ್ದಲು ಗಣಿಯ ಕೆಲಸ ಮುಗಿಸಿ ಪಿಕಪ್ ವಾಹನದಲ್ಲಿ ಮನೆಗೆ ಹೊರಟಿದ್ದ ಆರು ಮಂದಿ, ಅವರನ್ನು ಉಗ್ರರೆಂದು ತಪ್ಪಾಗಿ ತಿಳಿದ ಸೇನಾ ತುಕಡಿಯ ಗುಂಡಿಗೆ ಬಲಿಯಾದರು. ಆ ರಾತ್ರಿ ಮತ್ತು ಮರುದಿನ ಸೇರಿ ಸತ್ತ ನಾಗರಿಕರು ಒಟ್ಟು 14. ಡಿಸೆಂಬರ್ 6ರಂದು ಗೃಹ ಸಚಿವ ಅಮಿತ್ ಶಾ ಲೋಕಸಭೆಯಲ್ಲಿ ಹೇಳಿಕೆ ನೀಡಿ ವಿಷಾದಿಸಿದರು. ಲೋಕಸಭೆಯ ಕಾರ್ಯವಿಧಾನದ 372ನೆಯ ನಿಯಮವನ್ನು ತೆಗೆದು ನೋಡಿ: ಸಚಿವರು ಇಂಥ ಹೇಳಿಕೆ ನೀಡುವ ಹೊತ್ತಿನಲ್ಲಿ ಯಾರೂ ಪ್ರಶ್ನೆ ಕೇಳುವಂತಿಲ್ಲ. ಮುಂದೆ ರಾಜ್ಯದ ವಿಶೇಷ ತನಿಖಾ ತಂಡ 30 ಸೇನಾ ಸಿಬ್ಬಂದಿಯ ಮೇಲೆ ಆರೋಪಪಟ್ಟಿ ಸಲ್ಲಿಸಿತು. ಅಫ್‌ಸ್ಪಾ ಪ್ರಕಾರ ವಿಚಾರಣೆಗೆ ಬೇಕಾದ ಅನುಮತಿಯನ್ನು ಕೇಂದ್ರ ಕೊಡಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಸಂಕಟ ನಿಮ್ಮ ಲೇಖನಕ್ಕೂ ಬರಬೇಕು.

ಸೇನೆಯನ್ನು ಹೀಗಳೆದಂತಾದೀತೆಂಬ ಅಳುಕನ್ನು ಲೇಖನದ ಜೊತೆಗಿನ ಪತ್ರದಲ್ಲಿ ತೋಡಿಕೊಂಡಿದ್ದೀರಿ. ಅಳುಕಬೇಡಿ. ಅಜ್ಜಿಗೆ ಹಗ್ಗ ಕಟ್ಟಿದ ಯೋಧನನ್ನೂ ಮೋನ್‌ನಲ್ಲಿ ಬಂದೂಕು ಹಿಡಿದವನನ್ನೂ ಕಳುಹಿಸಿದ್ದು ಸರ್ಕಾರ. ಏಕೆ ಕಳುಹಿಸಿದಿರಿ, ಎಷ್ಟು ದಿನಕ್ಕೆ, ಯಾವ ಅಧಿಕಾರ ಕೊಟ್ಟು ಎಂದು ಸರ್ಕಾರವನ್ನು ಕೇಳಬೇಕಾದವರು ನಾವು ಆರಿಸಿ ಕಳುಹಿಸಿದ ಸಂಸದರು. 1958ರಲ್ಲಿ ಮಣಿಪುರದ ಸಂಸದ ಅಚೌ ಸಿಂಗ್ ಲೋಕಸಭೆಯಲ್ಲಿ ಎದ್ದುನಿಂತು ಅಫ್‌ಸ್ಪಾ ಮಸೂದೆಯನ್ನು ವಿರೋಧಿಸಿದ್ದರು. ಆ ಭಾಷಣ ಓದಿಯೇ ಮುಂದಿನ ಕರಡಿಗೆ ಕೂರಿ.

ಅಜ್ಜಿಯಿಂದ ಶುರುಮಾಡಿ ಓಟಿಂಗ್‌ಗೆ ಹೋಗಿ. ಅಮೆರಿಕ, ಜರ್ಮನಿಯ ಪ್ಯಾರಾಗಳು ಬೇಡ. 1,500 ಪದ ಮೀರದಂತೆ ಸಂಕ್ರಾಂತಿಯೊಳಗೆ ಕಳುಹಿಸಿದರೆ ಫೆಬ್ರುವರಿ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ