ಅಪ್ಪ ಅಮ್ಮನ ಜನನ ದಾಖಲೆಯನ್ನು ಈಗಲೇ ಹುಡುಕಿಸಿಡಿ

ಅಮೆರಿಕಕ್ಕೆ ಈಗಷ್ಟೇ ಬಂದಿದ್ದೀರಿ. ಮುಂದೆ ಸಿಟಿಜನ್ ಆದಮೇಲೆ ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸುವ ಯೋಚನೆ ಇದೆ. ಇಬ್ಬರೂ 1950ರ ಆಸುಪಾಸಿನಲ್ಲಿ ಹಳ್ಳಿಯಲ್ಲಿ ಹುಟ್ಟಿದವರು, ಜನನ ಪತ್ರ ಇಲ್ಲ, ಆಗ ನೋಡಿಕೊಂಡರೆ ಆಗದೇ ಎಂದು ಕೇಳಿದ್ದೀರಿ. ದಯವಿಟ್ಟು ಅಲ್ಲಿಯವರೆಗೆ ಬಿಡಬೇಡಿ. ದಾಖಲೆ ಸಿಗದಿದ್ದರೆ ಅಫಿಡವಿಟ್ ಕೊಡಬೇಕಾದ ಹಿರಿಯರಿಗೆ ಈಗಲೇ ಎಂಬತ್ತು ದಾಟಿರುತ್ತದೆ.

ಮೊದಲು ನಿಮ್ಮದೇ ಜನನ ಪತ್ರ ತೆಗೆದು ನೋಡಿ. ಅಪ್ಪ ಅಮ್ಮನನ್ನು ಕರೆಸಿಕೊಳ್ಳಲು ನೀವು ಮೊದಲು ಹಾಕುವ ಐ-130 ಎಂಬ ಅರ್ಜಿಯ ಜೊತೆ ಹೋಗುವುದು ಅದು. ಅದರಲ್ಲಿ ನಿಮ್ಮ ಹೆಸರೂ ತಂದೆ ತಾಯಿ ಇಬ್ಬರ ಹೆಸರೂ ಇರಲೇಬೇಕು. ಹಳೆಯ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದು ತುಂಬ ಸಾಮಾನ್ಯ, ಹಾಗಿದ್ದರೆ ಹೆಸರು ಸೇರಿಸಲು ಈಗಲೇ ಅರ್ಜಿ ಕೊಡಿಸಿ. ಅಪ್ಪನ ಅರ್ಜಿಗೆ ಅವರಿಬ್ಬರ ಮದುವೆಯ ದಾಖಲೆಯೂ ಬೇಕು. ಮದುವೆ ನೋಂದಣಿ ಆಗಿಲ್ಲದಿದ್ದರೆ ಇಬ್ಬರೂ ಓಡಾಡುವಷ್ಟು ಗಟ್ಟಿಯಾಗಿರುವಾಗಲೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿ.

ಅಪ್ಪ ಅಮ್ಮನ ಜನನ ದಾಖಲೆಯನ್ನು ಅಧಿಕಾರಿಗಳು ಕೇಳುವುದು ಐ-130ರ ಮುಂದಿನ ಹಂತದಲ್ಲಿ. ಜನನ ಮರಣ ನೋಂದಣಿ ಕಾಯ್ದೆ 1969ರದ್ದು, ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಿಂದ. ಅದಕ್ಕೂ ಮೊದಲು ಹಳ್ಳಿಗಳಲ್ಲಿ ಹುಟ್ಟನ್ನು ಬರೆದಿಡುತ್ತಿದ್ದರು, ಎಲ್ಲವನ್ನೂ ಬರೆದಿಲ್ಲ ಅಷ್ಟೆ. ಹಾಗಾಗಿ ಹುಡುಕಿಸದೆ ‘ಇಲ್ಲ’ ಅನ್ನಬೇಡಿ. ಹಳ್ಳಿಯ ಹಳೆಯ ಪುಸ್ತಕಗಳು ಸಾಮಾನ್ಯವಾಗಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತವೆ, ಪಟ್ಟಣದವು ಪುರಸಭೆಯಲ್ಲಿ.

ಹುಡುಕಾಟ ಕೆಡುವುದು ಹೆಚ್ಚಾಗಿ ಊರಿನ ವಿಷಯದಲ್ಲಿ. ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ನಮ್ಮದು. ಅಪ್ಪ ಹುಟ್ಟಿದ್ದು ಅಜ್ಜಿಯ ತವರಿನಲ್ಲಿ, ಬೇರೆ ತಾಲ್ಲೂಕಿನಲ್ಲಿ ಇರಬಹುದು. ಶಾಲೆಯಲ್ಲಿ, ಪಾಸ್‌ಪೋರ್ಟಿನಲ್ಲಿ ಮಾತ್ರ ಅಜ್ಜನ ಊರು ಬಿದ್ದಿರುತ್ತದೆ. ಎರಡೂ ಕಡೆ ಹುಡುಕಿಸಿ. ಮಗುವಿನ ಹೆಸರು ಹೇಳಿ ಕೇಳಿದರೆ ಸಿಗುವುದು ಕಷ್ಟ, ನಾಮಕರಣಕ್ಕೆ ಮೊದಲೇ ಬರೆದ ನಮೂದು ಅದು. ಅಜ್ಜನ ಹೆಸರು, ಅಜ್ಜಿಯ ಹೆಸರು, ಗಂಡೋ ಹೆಣ್ಣೋ ಎಂದು ಕೊಡಿ. ತಾರೀಖನ್ನೂ ಒಂದೇ ದಿನಕ್ಕೆ ಕಟ್ಟಿಹಾಕಬೇಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದ ತಾರೀಖು ಅದಾಗಿರಬಹುದು, ಹಿಂದೆ ಮುಂದೆ ಎರಡು ಮೂರು ವರ್ಷ ನೋಡಲು ಅರ್ಜಿಯಲ್ಲೇ ಬರೆಯಿರಿ. ಜಿಲ್ಲೆಗಳೂ ಬದಲಾಗಿವೆ: ಉಡುಪಿ, ದಾವಣಗೆರೆ, ಹಾವೇರಿ, ಗದಗ ಜಿಲ್ಲೆಗಳಾದದ್ದು 1997ರಲ್ಲಿ, ರಾಮನಗರ 2007ರಲ್ಲಿ. ತಾಲ್ಲೂಕು ಒಡೆದಿದ್ದರೆ ಹಳೆಯ ತಾಲ್ಲೂಕಿನ ಕಚೇರಿಯಲ್ಲೂ ವಿಚಾರಿಸಿ. ಸಿಕ್ಕ ತಾರೀಖು ಪಾಸ್‌ಪೋರ್ಟಿಗೆ ಹೊಂದದಿದ್ದರೆ ಮುಚ್ಚಿಡಬೇಡಿ. ಎರಡೂ ದಾಖಲೆ ಒಬ್ಬರದೇ ಎಂಬ ಅಫಿಡವಿಟ್ ಮಾಡಿಸಿ, ವ್ಯತ್ಯಾಸ ಏಕೆ ಬಂತೆಂದು ಬರೆದು ಕೊಡಿ.

ಸಿಗದೇ ಹೋದರೆ ಹುಡುಕಿಸಿದ ಊರಿನ ಜನನ ಮರಣ ನೋಂದಣಾಧಿಕಾರಿಯಿಂದ ‘ದಾಖಲೆ ಲಭ್ಯವಿಲ್ಲ’ ಎಂಬ ಪ್ರಮಾಣಪತ್ರ ತೆಗೆದುಕೊಳ್ಳಿ. 1970ಕ್ಕೆ ಮೊದಲು ಹುಟ್ಟಿದವರಿಗೆ ಶಾಲಾ ದಾಖಲೆಯಂಥ ಬದಲಿ ಪುರಾವೆ ನಡೆಯುತ್ತದೆ, ಆದರೂ ಈ ಪತ್ರ ಇಟ್ಟುಕೊಂಡಿರುವುದು ಕ್ಷೇಮ. ಹೆಸರು, ತಾರೀಖು, ಊರು, ತಂದೆ ತಾಯಿಯ ಹೆಸರು, ಯಾವ ವರ್ಷಗಳ ಪುಸ್ತಕ ನೋಡಿದರು ಎಂಬುದು ಅದರಲ್ಲಿರಲಿ. ಪಂಚಾಯಿತಿ ಅಧ್ಯಕ್ಷರ ಪತ್ರ ಅಥವಾ ನೋಟರಿಯ ಕಾಗದ ಇದರ ಬದಲಿಗೆ ಆಗುವುದಿಲ್ಲ. ಜೊತೆಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಟಿಸಿ, ಇಲ್ಲವೇ ಶಾಲೆಯ ದಾಖಲಾತಿ ರಿಜಿಸ್ಟರಿನ ನಕಲು ಬೇಕು. ಸರ್ಕಾರಿ ನೌಕರಿಯಲ್ಲಿದ್ದವರ ಸೇವಾ ಪುಸ್ತಕವೂ ಒಳ್ಳೆಯ ಪುರಾವೆ. ಹೋದ ವರ್ಷ ಮಾಡಿಸಿದ ಆಧಾರ್‌ಗೆ ಅಷ್ಟು ತೂಕವಿಲ್ಲ. ಎಷ್ಟು ಹಳೆಯ ಕಾಗದವೋ ಅಷ್ಟು ಬೆಲೆ.

ಅಫಿಡವಿಟ್ ಇಬ್ಬರದು ಬೇಕು. ಅರ್ಜಿದಾರರಾದ ನೀವು ಕೊಡುವಂತಿಲ್ಲ. ಕೊಡುವವರು ಆ ಹುಟ್ಟನ್ನು ನೇರವಾಗಿ ಬಲ್ಲವರಾಗಿರಬೇಕು, ಅಂದರೆ ಅಪ್ಪನಿಗಿಂತ ಹಿರಿಯರು: ಸೋದರತ್ತೆ, ದೊಡ್ಡಪ್ಪ, ಹಳೆಯ ನೆರೆಯವರು. ಅಪ್ಪನ ತಮ್ಮನ ಕೈಲಿ ಬರೆಸಿದರೆ, ನೀವೇ ಹುಟ್ಟಿರಲಿಲ್ಲ, ಹೇಗೆ ಗೊತ್ತು ಎಂಬ ಪ್ರಶ್ನೆ ಬಂದೇ ಬರುತ್ತದೆ. ಬರೆದುಕೊಡುವವರ ಪೂರ್ತಿ ಹೆಸರು, ವಿಳಾಸ, ಅವರ ಹುಟ್ಟಿದ ತಾರೀಖು ಮತ್ತು ಊರು, ಸಂಬಂಧ, ಈ ಹುಟ್ಟು ಅವರಿಗೆ ಹೇಗೆ ತಿಳಿಯಿತು ಎಂಬುದು ಸ್ಪಷ್ಟವಾಗಿರಲಿ. ಇಬ್ಬರದೂ ಅಕ್ಷರಶಃ ಒಂದೇ ಒಕ್ಕಣೆಯಾದರೆ ಅನುಮಾನಕ್ಕೆ ದಾರಿ, ಅವರವರ ಮಾತಿನಲ್ಲೇ ಬರೆಸಿ.

ಅಮ್ಮನ ವಿಷಯದಲ್ಲಿ ಹೆಸರಿನ ತೊಡಕು ಜಾಸ್ತಿ. ಶಾಲೆಯಲ್ಲಿ ಲಕ್ಷ್ಮಿ, ರೇಷನ್ ಕಾರ್ಡಿನಲ್ಲಿ ಲಕ್ಷ್ಮಮ್ಮ, ಮದುವೆಗೆ ಮುಂಚೆ ಒಂದು ಇನಿಷಿಯಲ್, ಆಮೇಲೆ ಇನ್ನೊಂದು. ಹಳೆಯ ಕಾಗದ ತಿದ್ದಿಸಲು ಹೋಗಬೇಡಿ. ಎಲ್ಲ ರೂಪಗಳನ್ನೂ ಹೆಸರಿಸಿ, ಒಬ್ಬರೇ ವ್ಯಕ್ತಿ ಎಂದು ಅಫಿಡವಿಟ್ ಮಾಡಿಸಿದರೆ ಸಾಕು.

ಕನ್ನಡದ ಕಾಗದಗಳಿಗೆಲ್ಲ ಪೂರ್ತಿ ಇಂಗ್ಲಿಷ್ ಅನುವಾದ ಬೇಕು, ಮೊಹರಿನ ಅಕ್ಷರವೂ ಸೇರಿ. ಎರಡೂ ಭಾಷೆ ಬಲ್ಲೆ, ಅನುವಾದ ಪೂರ್ಣವೂ ಸರಿಯೂ ಆಗಿದೆ ಎಂದು ಅನುವಾದಕರು ಸಹಿ ಹಾಕಬೇಕು. ಮನೆಯವರ ಬದಲು ಸ್ನೇಹಿತರಿಂದ ಮಾಡಿಸಿದರೆ ತಕರಾರಿಲ್ಲ. ಈ ಅರ್ಜಿಗೆ ಅಪಾಸ್ಟಿಲ್ (ವಿದೇಶದಲ್ಲಿ ಬಳಸುವ ದಾಖಲೆಗೆ ಸರ್ಕಾರ ಹಾಕುವ ದೃಢೀಕರಣ) ಬೇಡ, ಏಜೆಂಟರು ಹೇಳಿದರೂ ಅದಕ್ಕೆ ದುಡ್ಡು ಸುರಿಯಬೇಡಿ.